ಹ್ಯಾಂಡಲ್ ಹಿಡಿಯುವ ಮೊದಲು: ಡೀಸೆಲ್ ಇಂಜಿನ್ನಿನ ದಿನನಿತ್ಯದ ತಪಾಸಣೆ – ಒಂದು ಅಭ್ಯಾಸ ಪಾಠದ ಅಧ್ಯಯನ

ಪೀಠಿಕೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳು ಪಾಠೋಪಕರಣಗಳಿಗಾಗಿ ಪೇಟೆಯ ಅಂಗಡಿಗಳನ್ನು ಸುತ್ತುವುದು ರೂಢಿ. ಆದರೆ ಶಾಲೆಯ ಕಂಪೌಂಡಿನಾಚೆಗೇ ಕಬ್ಬಿನ ಗದ್ದೆ, ಅದರ ಬದುವಿನಲ್ಲಿ ಒಂದು ತಗಡಿನ ಶೆಡ್ಡು, ಶೆಡ್ಡಿನೊಳಗೆ ಒಂದು ಇಂಜಿನ್ ಇರುತ್ತದೆ. ವಿದ್ಯುತ್ ಮೋಟಾರುಗಳು ಬಂದ ಮೇಲೆ ಡೀಸೆಲ್ ಪಂಪ್‌ಸೆಟ್ಟುಗಳ ಬಳಕೆ ಕಡಿಮೆಯಾಗಿದೆ ನಿಜ. ಆದರೂ ಕರೆಂಟು ಕೈಕೊಟ್ಟಾಗ ನೀರೆತ್ತಲು, ಕಬ್ಬು ಸಾಗಿಸುವ ಟ್ರ್ಯಾಕ್ಟರಿನಲ್ಲಿ, ಮದುವೆ ಮಂಟಪದ ಜನರೇಟರಿನಲ್ಲಿ, ಕೆಲವೆಡೆ ಬೆಲ್ಲದ ಗಾಣದಲ್ಲಿ ಡೀಸೆಲ್ ಇಂಜಿನ್ ಇಂದಿಗೂ ದುಡಿಯುತ್ತಿದೆ. ಮಕ್ಕಳು ಅದರ ಸದ್ದು ಕೇಳುತ್ತಲೇ ಬೆಳೆಯುತ್ತಾರೆ.

ಎಂಟನೇ ತರಗತಿಯ ವಿಜ್ಞಾನದಲ್ಲಿ ಬರುವ ಘರ್ಷಣೆ, ದಹನ ಮತ್ತು ಪೆಟ್ರೋಲಿಯಂ ಘಟಕಗಳನ್ನು ಈ ಯಂತ್ರದ ಮೂಲಕ ಕಲಿಸಬಹುದೇ ಎಂಬ ಪ್ರಶ್ನೆಯಿಂದ ಈ ಅಭ್ಯಾಸ ಪಾಠ ಹುಟ್ಟಿತು. ರಾಯಬಾಗ ತಾಲೂಕಿನ ಕೃಷ್ಣಾ ತೀರದ ಒಂದು ಪ್ರೌಢಶಾಲೆಯಲ್ಲಿ ನಿಪ್ಪಾಣಿಯಿಂದ ಬಂದ ಪ್ರಶಿಕ್ಷಣಾರ್ಥಿಯೊಬ್ಬರು ಇದನ್ನು ಎರಡು ಬಾರಿ ಬೋಧಿಸಿದರು. ಮೊದಲ ಪಾಠ ನೋಡಲು ಚೆಂದವಾಗಿತ್ತು, ಕಲಿಕೆಯಲ್ಲಿ ಸೋತಿತು. ಎರಡನೆಯದು ಗದ್ದಲದ ಪಾಠ, ಆದರೆ ಗೆದ್ದಿತು. ಈ ಎರಡರ ನಡುವಿನ ಅಂತರವೇ ಲೇಖನದ ವಿಷಯ. ಪಾಠ ಯೋಜನೆಗೆ ಸಹಿ ಹಾಕಿದ ಮಾರ್ಗದರ್ಶಕ ನಾನೇ ಆದ್ದರಿಂದ ಮೊದಲ ಸೋಲಿನಲ್ಲಿ ನನ್ನ ಪಾಲೂ ಇದೆ.

ಮೊದಲ ಪಾಠ: ಹನ್ನೆರಡು ಅಂಶಗಳ ಚಾರ್ಟು

ಪ್ರಶಿಕ್ಷಣಾರ್ಥಿ ಬಣ್ಣದ ಚಾರ್ಟಿನಲ್ಲಿ ‘ಇಂಜಿನ್ ಪ್ರಾರಂಭಿಸುವ ಮೊದಲು ಅನುಸರಿಸಬೇಕಾದ ಕ್ರಮಗಳು’ ಎಂದು ಹನ್ನೆರಡು ಅಂಶ ಬರೆದು ತಂದಿದ್ದರು. ಒಂದೊಂದನ್ನೂ ಓದಿ ವಿವರಿಸಿದರು. ಮಕ್ಕಳು ಬರೆದುಕೊಂಡರು. ಕೊನೆಯ ಐದು ನಿಮಿಷದ ಮೌಲ್ಯಮಾಪನದಲ್ಲಿ ಬಹುತೇಕ ಮಕ್ಕಳು ಅಂಶಗಳನ್ನು ತಪ್ಪಿಲ್ಲದೆ ಹೇಳಿದರು. ವೀಕ್ಷಣಾ ನಮೂನೆಯಲ್ಲಿ ಪ್ರಸ್ತಾವನೆ, ಧ್ವನಿ, ಕಪ್ಪುಹಲಗೆಯ ಬಳಕೆ ಎಲ್ಲಕ್ಕೂ ಒಳ್ಳೆಯ ಅಂಕ ಬಿದ್ದವು.

ಪಾಠದ ನಡುವೆ ಎರಡು ಘಟನೆ ನಡೆದವು. ಹಿಂದಿನ ಸಾಲಿನ ಹುಡುಗನೊಬ್ಬ ಟಿಪ್ಪಣಿ ಬರೆಯದೆ ಕುಳಿತಿದ್ದ. ಅವನ ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿತ್ತು. ಕೇಳಿದಾಗ ಅವನು, “ಹ್ಯಾಂಡಲ್ ತಿರುಗಿ ಬಡೀತ್ರೀ ಟೀಚರ್” ಎಂದ. ಪ್ರಶಿಕ್ಷಣಾರ್ಥಿ “ಜ್ವಾಕಿ ಇರಬೇಕಪಾ” ಎಂದು ಹೇಳಿ ಏಳನೇ ಅಂಶಕ್ಕೆ ಹೋದರು. ಮುಂದೆ ಒಬ್ಬ ಹುಡುಗಿ, “ನಮ್ಮ ಅಪ್ಪಾ ಇಂಜಿನ್ ಚಾಲೂ ಇದ್ದಾಗನ ಕಡ್ಡಿ ತಗದು ಆಯಿಲ್ ನೋಡ್ತಾನ್ರಿ” ಎಂದಳು. “ಹಾಗೆ ಮಾಡಬಾರದು” ಎಂಬ ಉತ್ತರ ಬಂತು. ಏಕೆ ಮಾಡಬಾರದು ಎಂಬುದು ಬರಲಿಲ್ಲ.

ಮರುದಿನ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಪಕ್ಕದ ಶೆಡ್ಡಿಗೆ ಮಕ್ಕಳನ್ನು ಕರೆದೊಯ್ದೆವು. ಇಂಜಿನ್ ನಿಂತಿತ್ತು, ಮಾಲೀಕರು ಜೊತೆಗಿದ್ದರು. “ನಿನ್ನೆ ಕಲಿತದ್ದನ್ನು ಇಲ್ಲಿ ತೋರಿಸಿರಿ” ಎಂದಾಗ ಹನ್ನೆರಡು ಅಂಶ ಬಾಯಿಪಾಠ ಹೇಳಿದ ಮಕ್ಕಳೇ ಸುಮ್ಮನಾದರು. ‘ಕೀಲೆಣ್ಣೆಯ ಮಟ್ಟ ಪರೀಕ್ಷಿಸಿ’ ಎಂಬ ವಾಕ್ಯ ನೆನಪಿತ್ತು. ಆ ಮಟ್ಟ ತೋರಿಸುವ ಕಡ್ಡಿಯನ್ನು ಮನೆಯಲ್ಲಿ ಎಷ್ಟೋ ಸಲ ಕಂಡಿದ್ದ ಮಕ್ಕಳಿಗೂ ಅದು ಇದೇ ಎಂದು ಹೊಳೆಯಲಿಲ್ಲ. ಚಾರ್ಟಿನ ಭಾಷೆ ಒಂದು ಕಡೆ, ಶೆಡ್ಡಿನ ಭಾಷೆ ಇನ್ನೊಂದು ಕಡೆ ಉಳಿದಿದ್ದವು.

ಪಾಠದ ನಂತರದ ಚರ್ಚೆ

ಅಂದು ಸಂಜೆ ಸಹಪಾಠಿ ಪ್ರಶಿಕ್ಷಣಾರ್ಥಿಗಳೊಂದಿಗೆ ಕುಳಿತಾಗ ಮೂರು ಮಾತು ಸ್ಪಷ್ಟವಾದವು.

ಒಂದು, ಪಟ್ಟಿಯಲ್ಲಿ ಕ್ರಮವಿತ್ತು, ಕಾರಣವಿರಲಿಲ್ಲ. ಕಾರಣ ಗೊತ್ತಿಲ್ಲದ ಕ್ರಮವನ್ನು ಅವಸರದಲ್ಲಿ ಮೊದಲು ಬಿಡುತ್ತೇವೆ. ಬೆಳಗಿನ ಐದು ಗಂಟೆಗೆ ನೀರು ಹಾಯಿಸಲು ಹೊರಟವರಿಗೆ ಅವಸರ ಇದ್ದೇ ಇರುತ್ತದೆ.

ಎರಡು, ತರಗತಿಯಲ್ಲಿ ಈ ವಿಷಯವನ್ನು ಅತಿ ಚೆನ್ನಾಗಿ ಬಲ್ಲವನು ಪ್ಲಾಸ್ಟರ್ ಹಾಕಿಕೊಂಡು ಹಿಂದೆ ಕುಳಿತಿದ್ದ. ಅವನಿಂದ ನಾವು ಒಂದು ವಾಕ್ಯವನ್ನೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಪೂರ್ವಜ್ಞಾನ ಪರೀಕ್ಷೆ ಎಂದು ಯೋಜನೆಯಲ್ಲಿ ಬರೆದಿದ್ದ ಕಾಲಂ ಬರೀ ಮೂರು ಪ್ರಶ್ನೆಗಳಿಗೆ ಮುಗಿದಿತ್ತು.

ಮೂರು, ಈ ಪಾಠದಲ್ಲಿ ತಪ್ಪು ಕಲಿತರೆ ಹೋಗುವುದು ಅಂಕವಲ್ಲ. ಮಗುವಿನ ಕೈ ಹೋಗಬಹುದು, ಮನೆಯ ಇಂಜಿನ್ ಹೋಗಬಹುದು. ನೀರಿನ ಪಾಳಿಯ ದಿನ ಪಿಸ್ಟನ್ ಹಿಡಿದು ಇಂಜಿನ್ ಜಾಮ್ ಆದರೆ ಆ ಪಾಳಿ ತಪ್ಪುತ್ತದೆ, ರಿಪೇರಿಗೆ ಸಾಲ ಮಾಡಬೇಕಾಗುತ್ತದೆ.

ಪ್ರಶಿಕ್ಷಣಾರ್ಥಿ ತಮ್ಮ ಕಷ್ಟವನ್ನೂ ಮುಚ್ಚಿಡಲಿಲ್ಲ. “ಸರ್, ನಾನು ಈ ತನಕ ಇಂಜಿನ್ ಮುಟ್ಟಿಯೇ ಇಲ್ಲ. ಚಾರ್ಟು ಬಿಟ್ಟರೆ ನನಗೆ ಆಧಾರ ಇರಲಿಲ್ಲ” ಎಂದರು. ಇದು ಪ್ರಾಮಾಣಿಕ ಮಾತು. ಅವರು ಎರಡು ಸಂಜೆ ಒಬ್ಬ ಅನುಭವಿ ಮಿಸ್ತ್ರಿಯ ಬಳಿ ಕುಳಿತು ಕಲಿತರು. ಆಮೇಲೆ ಪಾಠವನ್ನು ಹೊಸದಾಗಿ ಕಟ್ಟಿದೆವು.

ಶಿಕ್ಷಕರಿಗೆ ಬೇಕಾದ ವಿಷಯಜ್ಞಾನ

ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಅದು ಇಲ್ಲ. ಸಿಲಿಂಡರಿನೊಳಗೆ ಎಳೆದುಕೊಂಡ ಗಾಳಿಯನ್ನು ಪಿಸ್ಟನ್ ಸುಮಾರು ಹದಿನಾರನೇ ಒಂದು ಭಾಗಕ್ಕೆ ಒತ್ತಿ ಕುಗ್ಗಿಸುತ್ತದೆ. ಆಗ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದೇ ಕ್ಷಣಕ್ಕೆ ನಾಝಲ್ ಮೂಲಕ ಮಂಜಿನಂತೆ ಚಿಮ್ಮಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಈ ತತ್ತ್ವದ ಇಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದರು. ಯಂತ್ರಕ್ಕೂ ಇಂಧನಕ್ಕೂ ಅವರದೇ ಹೆಸರು ನಿಂತಿದೆ.

ನಮ್ಮ ಭಾಗಕ್ಕೆ ಈ ಕಥೆಯ ಒಂದು ಎಳೆ ಹತ್ತಿರದಲ್ಲೇ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಯ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರಚಿತ್ರ ಕಲಿಸುವ ಶಿಕ್ಷಕರಾಗಿದ್ದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಇಂದಿನ ಸಾಂಗಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿ ನೇಗಿಲು, ಪಂಪು ಮುಂತಾದ ರೈತರ ಯಂತ್ರಗಳನ್ನು ತಯಾರಿಸಿದರು. ಇಂಜಿನ್ ಶೆಡ್ಡಿನ ಮುಂದೆ ನಿಂತು ಈ ಮಾತು ಹೇಳಿದರೆ ಮಕ್ಕಳ ಕಣ್ಣು ಅರಳುತ್ತದೆ. ಕೃಷ್ಣೆಯ ದಂಡೆಯ ಯಂತ್ರಕ್ಕೂ ಒಬ್ಬ ಶಾಲಾಮಾಸ್ತರರಿಗೂ ನಂಟಿದೆ ಎಂಬುದು ಪ್ರಶಿಕ್ಷಣಾರ್ಥಿಗಳಿಗೂ ಹಿಡಿಸುತ್ತದೆ.

ಇನ್ನು ಲೆಕ್ಕ. ಹೊಲದ ಸಾಮಾನ್ಯ 5 ಅಶ್ವಶಕ್ತಿಯ ಒಂದು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ ಎಂದುಕೊಳ್ಳೋಣ. ಅಂದರೆ ಸೆಕೆಂಡಿಗೆ 25 ಸುತ್ತು, ಗಂಟೆಗೆ 90,000 ಸುತ್ತು. ಪಿಸ್ಟನ್ ಚಲಿಸುವ ದೂರ 110 ಮಿ.ಮೀ. ಇದ್ದರೆ ಒಂದು ಸುತ್ತಿಗೆ ಮೇಲೊಮ್ಮೆ ಕೆಳಗೊಮ್ಮೆ, ಒಟ್ಟು 220 ಮಿ.ಮೀ. ಗಂಟೆಗೆ 19,800 ಮೀಟರ್. ಅಂದರೆ ಪಿಸ್ಟನ್ ಇದ್ದಲ್ಲೇ ಗಂಟೆಗೆ ಸುಮಾರು 20 ಕಿ.ಮೀ. ಉಜ್ಜಿಕೊಂಡು ಓಡುತ್ತದೆ! ಲೋಹಕ್ಕೂ ಲೋಹಕ್ಕೂ ನಡುವೆ ಇರುವುದು ಆಯಿಲಿನ ತೆಳುವಾದ ಪದರ ಮಾತ್ರ. ಆ ಪದರ ಇಲ್ಲದಿದ್ದರೆ ಏನಾದೀತು ಎಂದು ಕೇಳಿದರೆ ಸಾಕು, ಘರ್ಷಣೆಯ ಪಾಠ ಅರ್ಧ ಮುಗಿದಂತೆ.

ಎರಡನೇ ಪಾಠ: ಪ್ರವೇಶ

ಈ ಬಾರಿ ಚಾರ್ಟು ಇರಲಿಲ್ಲ. ಪ್ರಶಿಕ್ಷಣಾರ್ಥಿ ನೇರವಾಗಿ ಪ್ಲಾಸ್ಟರಿನ ಹುಡುಗನ ಬಳಿ ಹೋಗಿ, “ಆ ದಿನ ಏನಾತು ಹೇಳಪಾ, ಮೊದಲಿಂದ ಹೇಳು” ಎಂದರು. ಅವನು ಎದ್ದು ನಿಂತು ಹೇಳಿದ:

“ಅಪ್ಪಾ ಊರಿಗಿ ಹೋಗಿದ್ದಾರಿ. ನೀರಿನ ಪಾಳಿ ನಮ್ದಿತ್ತು. ಲಿವರ್ ಎತ್ತಿ ಹ್ಯಾಂಡಲ್ ತಿರುವಿದ್ನಿರಿ. ಜೋರ್ ಬರೂದ್ರೊಳಗ ಲಿವರ್ ಬಿಟ್ಟೆ. ಹ್ಯಾಂಡಲ್ ಉಲ್ಟಾ ಬಂದು ಬಡೀತು.”

ತರಗತಿ ಸ್ತಬ್ಧವಾಯಿತು. “ಯಾಕ ಉಲ್ಟಾ ಬಂತು?” ಎಂದು ಪ್ರಶಿಕ್ಷಣಾರ್ಥಿ ಎಲ್ಲರನ್ನೂ ಕೇಳಿದರು. ಉತ್ತರ ಬರಲಿಲ್ಲ. ಆಗ ಒಂದು ಸೈಕಲ್ ಪಂಪು ತೆಗೆದು ತುದಿಗೆ ಬೆರಳು ಒತ್ತಿ ಹಿಡಿದು ಹಿಡಿಕೆ ತಳ್ಳಲು ಮಕ್ಕಳಿಗೆ ಕೊಟ್ಟರು. ಒತ್ತಿ ಬಿಟ್ಟ ಹಿಡಿಕೆ ತಾನಾಗಿ ಹಿಂದಕ್ಕೆ ಬಂತು. ನಾಲ್ಕೈದು ಬಾರಿ ಬಿರುಸಾಗಿ ಒತ್ತಿದ ಮೇಲೆ ಪಂಪಿನ ತಳ ಬೆಚ್ಚಗಾಯಿತು. ಒಂದೇ ಚಟುವಟಿಕೆಯಲ್ಲಿ ಎರಡು ಮಾತು ಸಿಕ್ಕವು: ಒತ್ತಿದ ಗಾಳಿ ಹಿಂದಕ್ಕೆ ತಳ್ಳುತ್ತದೆ, ಒತ್ತಿದ ಗಾಳಿ ಬಿಸಿಯಾಗುತ್ತದೆ. ಮೊದಲನೆಯದು ಹುಡುಗನ ಕೈ ಮುರಿದದ್ದಕ್ಕೆ ಕಾರಣ. ಎರಡನೆಯದು ಡೀಸೆಲ್ ಹೊತ್ತುವುದಕ್ಕೆ ಕಾರಣ. ಡಿಕಂಪ್ರೆಷನ್ ಲಿವರ್ ಎತ್ತಿದಾಗ ವಾಲ್ವ್ ತೆರೆದಿದ್ದು ಗಾಳಿ ಒತ್ತಿಕೊಳ್ಳುವುದಿಲ್ಲ, ಗಾಲಿ ಹಗುರಾಗಿ ತಿರುಗುತ್ತದೆ. ಗಾಲಿಗೆ ಸಾಕಷ್ಟು ವೇಗ ಬಂದ ಮೇಲೆ ಲಿವರ್ ಇಳಿಸಿದರೆ ಆ ವೇಗವೇ ಪಿಸ್ಟನ್ನನ್ನು ಒತ್ತಡ ದಾಟಿಸುತ್ತದೆ. ವೇಗ ಬರುವ ಮುಂಚೆ ಇಳಿಸಿದರೆ ಒತ್ತಿದ ಗಾಳಿ, ಹೊತ್ತಿದ ಡೀಸೆಲ್ ಎರಡೂ ಸೇರಿ ಪಿಸ್ಟನ್ನನ್ನು ಬಂದ ದಾರಿಗೇ ನೂಕುತ್ತವೆ.

ಇಲ್ಲಿ ಪ್ರಶಿಕ್ಷಣಾರ್ಥಿ ಪಾಠದ ಮೊದಲ ನಿಯಮವನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದರು: ‘ನಾವು ನೋಡುತ್ತೇವೆ, ಬರೆಯುತ್ತೇವೆ, ದೊಡ್ಡವರಿಗೆ ಹೇಳುತ್ತೇವೆ. ಹ್ಯಾಂಡಲ್ ಹಿಡಿಯುವುದಿಲ್ಲ.’ ಹ್ಯಾಂಡಲ್ ಹಿಡಿಯುವ ದೊಡ್ಡವರಿಗೂ ಮಕ್ಕಳು ಹೇಳಬಹುದಾದ ಎರಡು ಮಾತನ್ನು ಸೇರಿಸಿದರು. ಹೆಬ್ಬೆರಳನ್ನು ಹಿಡಿಕೆಗೆ ಸುತ್ತದೆ ಉಳಿದ ಬೆರಳುಗಳ ಬದಿಗೇ ಇಡಬೇಕು. ಹ್ಯಾಂಡಲ್ ಕೂರುವ ತುದಿ ಸವೆದಿರಬಾರದು, ಸ್ವಚ್ಛವಾಗಿ ತುಸು ಆಯಿಲ್ ಸವರಿರಬೇಕು. ಇಲ್ಲದಿದ್ದರೆ ಇಂಜಿನ್ ಹತ್ತಿದ ಮೇಲೆ ಹ್ಯಾಂಡಲ್ ಕಳಚಿಕೊಳ್ಳದೆ ಗಾಲಿಯೊಡನೆ ತಿರುಗುತ್ತದೆ.

ಎರಡನೇ ಪಾಠ: ಬೆಳವಣಿಗೆ

ಹನ್ನೆರಡು ಅಂಶಗಳನ್ನು ಆರಕ್ಕೆ ಇಳಿಸಿದೆವು. ಇಂಜಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕುವಂತೆ ಅವುಗಳನ್ನು ಜೋಡಿಸಿದೆವು. ಪ್ರತಿಯೊಂದಕ್ಕೂ ‘ಏನು ನೋಡಬೇಕು, ಏಕೆ, ಬಿಟ್ಟರೆ ಏನು’ ಎಂಬ ಮೂರು ಪ್ರಶ್ನೆ.

1. ಸುತ್ತಮುತ್ತ. ಮುಟ್ಟುವ ಮೊದಲು ಕಣ್ಣು. ಇಂಜಿನ್ ಕೆಳಗೆ ಹೊಸ ಕಲೆ ಬಿದ್ದಿದೆಯೇ? ಕಪ್ಪು ಜಿಗುಟು ಕಲೆ ಆಯಿಲ್, ವಾಸನೆ ಬರುವ ತೆಳು ಕಲೆ ಡೀಸೆಲ್, ಒದ್ದೆ ಮಾತ್ರ ಇದ್ದರೆ ನೀರು. ಬುಡದ ಬೋಲ್ಟುಗಳು ಬಿಗಿಯಾಗಿವೆಯೇ? ಸೈಲೆನ್ಸರ್ ಬಳಿ ರವದಿ, ಒಣಹುಲ್ಲು ಇದೆಯೇ? ಶೆಡ್ಡಿನ ಬಾಗಿಲು ತೆರೆದು ಹೊಗೆ ಹೊರಹೋಗುವಂತಿದೆಯೇ? ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅಥವಾ ಬಾವಿಯೊಳಗಿನ ಕಟ್ಟೆಯ ಮೇಲೆ ಇಂಜಿನ್ ನಡೆಸಿದರೆ ಅದು ಜೀವ ತೆಗೆಯಬಲ್ಲದು.

2. ಆಯಿಲ್. ಇಂಜಿನ್ ಸಮತಟ್ಟಾಗಿ ನಿಂತಿರಬೇಕು. ಚಾಲೂ ಇದ್ದರೆ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಬಿಡಬೇಕು. ಕಡ್ಡಿ ತೆಗೆದು ಸ್ವಚ್ಛ ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ತೆಗೆದು ನೋಡಬೇಕು. ಗುರುತು ಎರಡು ಗೆರೆಗಳ ನಡುವೆ ಇರಬೇಕು.

ಇಲ್ಲಿ ಹುಡುಗಿಯ ಹಿಂದಿನ ಪ್ರಶ್ನೆಯನ್ನು ಪ್ರಶಿಕ್ಷಣಾರ್ಥಿ ತಾವೇ ಎತ್ತಿಕೊಂಡರು. “ನಿಮ್ಮ ಅಪ್ಪಾರು ಚಾಲೂ ಇದ್ದಾಗ ನೋಡ್ತಾರಂದಿ. ಆಗ ಆಯಿಲ್ ಎಷ್ಟ ಕಾಣತೈತಿ?” “ಕಡಿಮಿ ಕಾಣತೈತ್ರಿ. ಅದಕ್ಕ ಮತ್ತ ಹಾಕ್ತಾನ್ರಿ.” “ಹಂಗಾದ್ರ ಉಳಿದ ಆಯಿಲ್ ಎಲ್ಲಿ ಹೋಗಿರತೈತಿ?” ಸ್ವಲ್ಪ ಹೊತ್ತು ಯೋಚಿಸಿ ಇನ್ನೊಬ್ಬ ಹುಡುಗ, “ಮ್ಯಾಲ ಹೋಗಿರತೈತ್ರಿ, ತಿರುಗೂ ಜಾಗಾಕ್ಕ” ಎಂದ. ಸರಿಯಾದ ಉತ್ತರ. ಚಾಲೂ ಇದ್ದಾಗ ಆಯಿಲ್ ಇಂಜಿನ್ ತುಂಬ ಹರಡಿರುವುದರಿಂದ ತಳದಲ್ಲಿ ಕಡಿಮೆ ಕಾಣುತ್ತದೆ. ಅದನ್ನು ನಂಬಿ ಮತ್ತೆ ಸುರಿದರೆ ಹೆಚ್ಚಾಗುತ್ತದೆ. ಹೆಚ್ಚಾದ ಆಯಿಲಿಗೆ ಕ್ರ್ಯಾಂಕ್ ಬಡಿದು ನೊರೆಯೇಳುತ್ತದೆ, ಸೀಲುಗಳಿಂದ ಸೋರುತ್ತದೆ, ಸಿಲಿಂಡರಿಗೆ ಹತ್ತಿ ನೀಲಿ ಹೊಗೆಯಾಗಿ ಸುಡುತ್ತದೆ. ನೊರೆ ತುಂಬಿದ ಆಯಿಲ್ ಲೋಹಗಳನ್ನು ಸರಿಯಾಗಿ ಬೇರ್ಪಡಿಸಲಾರದು. ‘ಹೆಚ್ಚಿದ್ದರೆ ಒಳ್ಳೆಯದು’ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು.

3. ಡೀಸೆಲ್. ಟ್ಯಾಂಕಿನಲ್ಲಿ ಎಷ್ಟಿದೆ ನೋಡಬೇಕು. ಪೂರ್ತಿ ಖಾಲಿಯಾಗುವ ತನಕ ನಡೆಸಿದರೆ ಪೈಪಿನೊಳಗೆ ಗಾಳಿ ಸೇರುತ್ತದೆ. ಆಮೇಲೆ ಡೀಸೆಲ್ ಹಾಕಿದರೂ ಏರ್ ತೆಗೆಯದೆ ಇಂಜಿನ್ ಹತ್ತುವುದಿಲ್ಲ. ಏಕೆಂದರೆ ಗಾಳಿ ಒತ್ತಿದರೆ ಕುಗ್ಗುತ್ತದೆ, ನಾಝಲ್ ತೆರೆಯುವಷ್ಟು ಒತ್ತಡ ಏಳುವುದಿಲ್ಲ. ಡೀಸೆಲ್ಲನ್ನು ಜಾಲರಿಯ ಮೂಲಕ ಸೋಸಿ ಹಾಕಬೇಕು. ಚಾಲೂ ಇರುವ ಅಥವಾ ಬಿಸಿಯಾಗಿರುವ ಇಂಜಿನ್ನಿಗೆ ಹಾಕಬಾರದು. ಸಂಜೆ ಕೆಲಸ ಮುಗಿದು ಇಂಜಿನ್ ಆರಿದ ಮೇಲೆ ಟ್ಯಾಂಕ್ ತುಂಬಿಸಿಟ್ಟರೆ ರಾತ್ರಿಯ ತಂಪಿಗೆ ಒಳಗೆ ನೀರ ಹನಿ ಕಟ್ಟುವುದು ಕಡಿಮೆ. ಮುಚ್ಚಳದ ಸಣ್ಣ ತೂತು ಕಟ್ಟಿರಬಾರದು.

4. ನೀರು. ನೀರಿನಿಂದ ತಂಪಾಗುವ ಇಂಜಿನ್ನಾದರೆ ಟಾಕಿಯಲ್ಲಿ ನೀರಿದೆಯೇ, ವಾಲ್ವ್ ತೆರೆದಿದೆಯೇ, ಪೈಪು ಕಟ್ಟಿಕೊಂಡಿದೆಯೇ ನೋಡಬೇಕು. ಟ್ರ್ಯಾಕ್ಟರಾದರೆ ರೇಡಿಯೇಟರ್. ಅದರ ಮುಚ್ಚಳವನ್ನು ಇಂಜಿನ್ ತಣ್ಣಗಿದ್ದಾಗ ಮಾತ್ರ ತೆಗೆಯಬೇಕು. ಬಿಸಿಯಿದ್ದಾಗ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ಡು ಸೀಳಬಹುದು. ಗಾಳಿಯಿಂದ ತಂಪಾಗುವ ಇಂಜಿನ್ನಾದರೆ ರೆಕ್ಕೆಗಳ ನಡುವಿನ ಧೂಳು, ಕಸ ತೆಗೆದಿರಬೇಕು. ಪಂಪಿಗೂ ನೀರು ಬೇಕು: ಫೂಟ್‌ವಾಲ್ವ್ ಹಿಡಿದು ಪಂಪು ತುಂಬಿದೆಯೇ ನೋಡದೆ ಚಾಲೂ ಮಾಡಿದರೆ ಪಂಪು ಒಣಗಿ ತಿರುಗಿ ಸೀಲ್ ಕೆಡುತ್ತದೆ.

5. ಗಾಳಿ. ಏರ್ ಕ್ಲೀನರ್ ನೋಡಬೇಕು. ಆಯಿಲ್ ಬಟ್ಟಲಿನ ಮಾದರಿಯಾದರೆ ಆಯಿಲ್ ಗುರುತಿನವರೆಗೆ ಇದೆಯೇ, ಕೆಸರು ಕಟ್ಟಿದೆಯೇ? ಬೇಸಿಗೆಯ ಧೂಳು ಸಿಲಿಂಡರಿಗೆ ಹೋದರೆ ಅದು ಆಯಿಲಿನೊಡನೆ ಸೇರಿ ಮರಳುಕಾಗದದಂತೆ ಪಿಸ್ಟನ್ ರಿಂಗು, ಲೈನರುಗಳನ್ನು ಸವೆಸುತ್ತದೆ. ಏರ್ ಕ್ಲೀನರ್ ಕಟ್ಟಿಕೊಂಡರೆ ಗಾಳಿ ಸಾಲದೆ ಡೀಸೆಲ್ ಪೂರ್ತಿ ಸುಡುವುದಿಲ್ಲ, ಕರಿಹೊಗೆ ಬರುತ್ತದೆ. ದಹನಕ್ಕೆ ಆಮ್ಲಜನಕ ಬೇಕು ಎಂಬ ಪಠ್ಯದ ವಾಕ್ಯಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

6. ಪಟ್ಟಾ. ಇಂಜಿನ್ ನಿಂತಿದ್ದಾಗ ಪಟ್ಟಾದ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ತೀರ ಸಡಿಲವಾದರೆ ಜಾರುತ್ತದೆ, ತೀರ ಬಿಗಿಯಾದರೆ ಬೇರಿಂಗ್ ಸವೆಯುತ್ತದೆ. ಬಿರುಕು ಬಿಟ್ಟಿರಬಾರದು. ಪುಲಿಗೆ ಜಾಲರಿ ಇರಬೇಕು. ಹೆಗಲ ಮೇಲಿನ ಟಾವೆಲ್, ಓಢಣಿ, ಸೆರಗು, ಸಡಿಲ ತೋಳು ಪಟ್ಟಾದ ಹತ್ತಿರ ಬರಬಾರದು.

ಆರೂ ಮುಗಿದ ಮೇಲೆಯೇ ದೊಡ್ಡವರ ಕೈಯಲ್ಲಿ ಹ್ಯಾಂಡಲ್. ಲಿವರ್ ಎತ್ತಿಟ್ಟು ಮೊದಲು ಕೆಲವು ಸುತ್ತು ಸುಮ್ಮನೆ ತಿರುಗಿಸಿದರೆ ರಾತ್ರಿಯಿಡೀ ಕೆಳಗಿಳಿದ ಆಯಿಲ್ ಬೇರಿಂಗುಗಳಿಗೆ ಏರುತ್ತದೆ. ಚಾಲೂ ಆದ ಕೂಡಲೇ ಆಯಿಲ್ ಒತ್ತಡದ ಗುರುತು ನೋಡಬೇಕು, ಹೊಗೆ ನೋಡಬೇಕು, ಸದ್ದು ಕೇಳಬೇಕು. ಒತ್ತಡ ಏಳದಿದ್ದರೆ ತಕ್ಷಣ ನಿಲ್ಲಿಸಬೇಕು.

ಒಂದು ಬಾಟಲಿ, ಎರಡು ಪ್ರಯೋಗ

ತರಗತಿಗೆ ಡೀಸೆಲ್ ತರುವಂತಿಲ್ಲ. ಆದ್ದರಿಂದ ಪಾರದರ್ಶಕ ಬಾಟಲಿಯಲ್ಲಿ ಅಡುಗೆ ಎಣ್ಣೆ, ಬಣ್ಣ ಹಾಕಿದ ಸ್ವಲ್ಪ ನೀರು ಬಳಸಿದೆವು. ಅಲುಗಾಡಿಸದೆ ಇಟ್ಟರೆ ನೀರು ತಳ ಸೇರುತ್ತದೆ. ಡೀಸೆಲ್ ಟ್ಯಾಂಕಿನ ಮತ್ತು ಫಿಲ್ಟರಿನ ತಳದಲ್ಲೇ ನೀರು ಬಿಡುವ ತಿರುಪು ಏಕಿದೆ ಎಂದು ಕೇಳಿದರೆ ಮಕ್ಕಳೇ ಉತ್ತರ ಹೇಳಿದರು. ಅದೇ ಬಾಟಲಿಯನ್ನು ಜೋರಾಗಿ ಅಲುಗಿಸಿದಾಗ ಎಣ್ಣೆ ಹಾಲಿನಂತೆ ಬಿಳುಪಾಯಿತು. “ಆಯಿಲ್ ಕಡ್ಡೀ ಮ್ಯಾಲ ಹಿಂಗ ಕಂಡ್ರ?” “ನೀರ ಕೂಡೇತ್ರಿ!” ಎಂದು ತರಗತಿ ಒಟ್ಟಾಗಿ ಕೂಗಿತು.

ಈ ಹಂತದಲ್ಲಿ ಒಬ್ಬ ಹುಡುಗ ಮಹಾಪೂರದ ಮಾತು ತೆಗೆದ. 2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಈ ಐದೂ ತಾಲೂಕುಗಳ ದಂಡೆಯ ಹೊಲಗಳು ಮುಳುಗಿದ್ದವು, ದಂಡೆಯ ಪಂಪ್‌ಸೆಟ್ಟುಗಳೂ ನೀರ ಪಾಲಾಗಿದ್ದವು. ನೀರಿಳಿದ ಮೇಲೆ ಇಂಜಿನ್ ಹೊರಗಿನಿಂದ ಒಣಗಿದಂತೆ ಕಾಣುತ್ತದೆ. ಆದರೆ ಸಿಲಿಂಡರಿನೊಳಗೆ ನೀರು ಉಳಿದಿದ್ದರೆ ಹ್ಯಾಂಡಲ್ ಹೊಡೆಯುವುದು ದೊಡ್ಡ ತಪ್ಪು. ಗಾಳಿಯಂತೆ ನೀರು ಒತ್ತಿ ಕುಗ್ಗುವುದಿಲ್ಲ, ಆದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮುಳುಗಿದ ಇಂಜಿನ್ನಿನ ಆಯಿಲ್, ಡೀಸೆಲ್ ಎರಡನ್ನೂ ಬಸಿದು, ಬಿಚ್ಚಿ ಕೆಸರು ತೊಳೆದು, ಮಿಸ್ತ್ರಿ ನೋಡಿದ ಮೇಲೆಯೇ ಚಾಲೂ ಮಾಡಬೇಕು. ಮೊದಲ ಪಾಠದ ಚಾರ್ಟಿನಲ್ಲಿ ಈ ಅಂಶವೇ ಇರಲಿಲ್ಲ. ನದಿ ದಂಡೆಯ ಶಾಲೆಗೆ ಅತಿ ಮುಖ್ಯವಾದದ್ದು ಮಕ್ಕಳಿಂದಲೇ ಬಂತು.

ಮುಚ್ಚಳದ ತೂತಿನ ಪ್ರಯೋಗಕ್ಕೆ ಇನ್ನೊಂದು ಬಾಟಲಿ ಸಾಕು. ಬುಡದ ಹತ್ತಿರ ಸಣ್ಣ ತೂತು ಮಾಡಿ ನೀರು ತುಂಬಿ, ಮುಚ್ಚಳ ಬಿಗಿದರೆ ಧಾರೆ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದರೆ ಮತ್ತೆ ಹರಿಯುತ್ತದೆ. ‘ಟ್ಯಾಂಕ್ ತುಂಬಿದ್ದರೂ ಇಂಜಿನ್ ನಿಲ್ಲುತ್ತದೆ’ ಎಂಬ ದೂರಿಗೆ ಇದೂ ಒಂದು ಕಾರಣ.

ಪದಗಳ ಬಗ್ಗೆ ಒಂದು ಮಾತು

ಎಣ್ಣೆ ಎಂಬ ಪದ ಈ ಪಾಠದಲ್ಲಿ ತೊಡಕು ತಂದಿತು. ಕೆಲವು ಮಕ್ಕಳಿಗೆ ಎಣ್ಣೆ ಎಂದರೆ ಡೀಸೆಲ್, ಕೆಲವರಿಗೆ ಇಂಜಿನ್ ಆಯಿಲ್. ‘ಎಣ್ಣೆ ನೋಡು’ ಎಂದಾಗ ಒಬ್ಬ ಟ್ಯಾಂಕಿನತ್ತ ಹೋದ, ಇನ್ನೊಬ್ಬಳು ಕಡ್ಡಿಯತ್ತ ಹೋದಳು. ಆದ್ದರಿಂದ ‘ಆಯಿಲ್’, ‘ಡೀಸೆಲ್’ ಎಂದು ಬೇರೆಬೇರೆಯಾಗಿ ಹೇಳುವುದೇ ಸರಿ. ಪಠ್ಯದ ‘ಕೀಲೆಣ್ಣೆ’ಯನ್ನು ಮಕ್ಕಳ ‘ಆಯಿಲ್’ ಪಕ್ಕದಲ್ಲಿ ಹಲಗೆಯ ಮೇಲೆ ಬರೆದು ಜೋಡಿಸಿದರೆ ಪರೀಕ್ಷೆಗೂ ಅನುಕೂಲ. ಗಡಿಭಾಗದ ತರಗತಿಗಳಲ್ಲಿ ಮನೆಯಲ್ಲಿ ಮರಾಠಿ ಮಾತನಾಡುವ ಮಕ್ಕಳೂ ಇರುತ್ತಾರೆ. ಅವರು ಯಂತ್ರದ ಭಾಗಗಳಿಗೆ ಹೇಳುವ ಹೆಸರುಗಳನ್ನು ತಿದ್ದುವ ಬದಲು ಮೂರನೇ ಕಾಲಂನಲ್ಲಿ ಬರೆಯಬೇಕು. ಭಾಗವನ್ನು ಗುರುತಿಸುವುದು ಮೊದಲು, ಹೆಸರು ಒಪ್ಪವಾಗುವುದು ಆಮೇಲೆ.

ಮೌಲ್ಯಮಾಪನ

‘ಕ್ರಮಗಳನ್ನು ಪಟ್ಟಿ ಮಾಡಿ’ ಎಂಬ ಪ್ರಶ್ನೆಯನ್ನು ಕೈಬಿಟ್ಟು ಸಂದರ್ಭದ ಪ್ರಶ್ನೆಗಳನ್ನು ಕೊಟ್ಟೆವು.

ಅ) ನಿನ್ನೆ ಆಯಿಲ್ ಎರಡು ಗೆರೆಗಳ ನಡುವೆ ಇತ್ತು. ಇಂದು ಮೇಲಿನ ಗೆರೆ ದಾಟಿದೆ. ಯಾರೂ ಆಯಿಲ್ ಹಾಕಿಲ್ಲ. ಏನಾಗಿರಬಹುದು? ಇಂಜಿನ್ ಚಾಲೂ ಮಾಡಬಹುದೇ? (ನೀರು ಅಥವಾ ಡೀಸೆಲ್ ಒಳಸೇರಿದೆ. ಚಾಲೂ ಮಾಡಬಾರದು.)

ಆ) ಪೈಪಿನ ಜೋಡಣೆಯಿಂದ ಸೆಕೆಂಡಿಗೆ ಒಂದು ಹನಿ ನೀರು ಸೋರುತ್ತಿದೆ. 20 ಹನಿಗೆ 1 ಮಿ.ಲೀ. ಎಂದುಕೊಂಡರೆ 10 ಗಂಟೆಯಲ್ಲಿ ಎಷ್ಟು ಸೋರುತ್ತದೆ? (36,000 ಹನಿ, 1.8 ಲೀಟರ್.)

ಇ) ಕರಿಹೊಗೆ, ನೀಲಿಹೊಗೆ – ಯಾವುದು ಗಾಳಿಯ ದೂರು, ಯಾವುದು ಆಯಿಲಿನ ದೂರು?

ಈ) ನಿಮ್ಮ ಕಾಕಾ ಅವಸರದಲ್ಲಿದ್ದಾರೆ. ‘ಇಷ್ಟು ವರ್ಷ ನೋಡದೇ ನಡೆಸೀನಿ’ ಎನ್ನುತ್ತಾರೆ. ಅವರಿಗೆ ಮರ್ಯಾದೆಯಿಂದ ಏನು ಹೇಳುತ್ತೀರಿ?

ಕೊನೆಯ ಪ್ರಶ್ನೆಯ ಉತ್ತರಗಳೇ ನಮಗೆ ಹೆಚ್ಚು ಕಲಿಸಿದವು. ಒಬ್ಬಳು ಬರೆದಳು: ‘ಕಾಕಾ, ನೀವು ಹ್ಯಾಂಡಲ್ ಹುಡುಕೂದ್ರೊಳಗ ನಾ ಆಯಿಲ್ ನೋಡಿ ಬರ್ತೀನಿ.’ ಹಿರಿಯರಿಗೆ ಬುದ್ಧಿ ಹೇಳದೆ, ತಾನು ಮಾಡಬಹುದಾದ ಕೆಲಸವನ್ನು ಮುಂದಿಟ್ಟ ಈ ಉತ್ತರಕ್ಕೆ ಪೂರ್ಣ ಅಂಕ ಕೊಟ್ಟೆವು.

ಮುಂದುವರಿದ ಚಟುವಟಿಕೆ: ಶೆಡ್ಡಿನ ಕಾರ್ಡು

ಪ್ರತಿ ಮಗುವಿಗೂ ರಟ್ಟಿನ ಒಂದು ಕಾರ್ಡು ಕೊಟ್ಟೆವು. ದಿನಾಂಕ, ಆಯಿಲ್, ಡೀಸೆಲ್, ನೀರು, ಗಾಳಿ, ಪಟ್ಟಾ, ಎಷ್ಟು ತಾಸು ನಡೆಯಿತು ಎಂಬ ಕಾಲಂಗಳು. ಮನೆಯಲ್ಲಿ ಇಂಜಿನ್ ಇಲ್ಲದ ಮಕ್ಕಳು ನೆರೆಹೊಲದ ಇಂಜಿನ್ನನ್ನೋ ಪರಿಚಯದವರ ಟ್ರ್ಯಾಕ್ಟರನ್ನೋ ಆರಿಸಿಕೊಂಡರು. ನಿಯಮ ಒಂದೇ: ಇಂಜಿನ್ ನಿಂತಿರಬೇಕು, ದೊಡ್ಡವರು ಪಕ್ಕದಲ್ಲಿರಬೇಕು.

ಎರಡು ವಾರದ ನಂತರ ಅದೇ ಆಯಿಲ್ ಪ್ರಶ್ನೆ ಕೇಳಿದ ಹುಡುಗಿಯ ಕಾರ್ಡಿನಲ್ಲಿ ಮಟ್ಟ ದಿನದಿನಕ್ಕೆ ಇಳಿಯುತ್ತ ಬಂದದ್ದು ಕಂಡಿತು. ಅವಳ ತಂದೆ ಹುಡುಕಿದಾಗ ತಳದ ಬಸಿ ತಿರುಪು ಸಡಿಲಾಗಿತ್ತು. ಒಂದು ದಿನದ ತಪಾಸಣೆಗೆ ಕಾಣದ್ದು ಹದಿನಾಲ್ಕು ದಿನದ ಬರಹಕ್ಕೆ ಕಂಡಿತು. ದಾಖಲೆ ಇಡುವುದು ಏಕೆ ಎಂಬ ಪ್ರಶ್ನೆಗೆ ಮಕ್ಕಳ ಮುಂದೆ ಇನ್ನೊಂದು ಉಪನ್ಯಾಸ ಬೇಕಾಗಲಿಲ್ಲ.

ಪ್ರಶಿಕ್ಷಣಾರ್ಥಿಗಳಿಗೂ ವೀಕ್ಷಕರಿಗೂ ಸೂಚನೆಗಳು

1. ವೃತ್ತಿಗೆ ಸೇರಿದ ಪಾಠ ಬೋಧಿಸುವ ಮುನ್ನ ಆ ವೃತ್ತಿಯವರ ಬಳಿ ಕನಿಷ್ಠ ಒಂದು ಸಂಜೆ ಕುಳಿತುಕೊಳ್ಳಿರಿ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ನಾಚಿಕೆಯಲ್ಲ.

2. ಪೂರ್ವಜ್ಞಾನವೆಂದರೆ ಮೂರು ಪ್ರಶ್ನೆಯಲ್ಲ. ಮಗು ತಾನು ಕಂಡದ್ದನ್ನು ಪೂರ್ತಿ ಹೇಳಲು ಬಿಡುವುದು.

3. ‘ಮಾಡಬಾರದು’ ಎಂದಲ್ಲೆಲ್ಲ ‘ಏಕೆಂದರೆ’ ಬರಲೇಬೇಕು. ಪಾಠ ಯೋಜನೆಯಲ್ಲಿ ಅದಕ್ಕೊಂದು ಕಾಲಂ ಇಡಿರಿ.

4. ಕ್ಷೇತ್ರಭೇಟಿಯಲ್ಲಿ ಇಂಜಿನ್ ನಿಂತಿರಲಿ. ಮುಖ್ಯೋಪಾಧ್ಯಾಯರ, ಪಾಲಕರ, ಶೆಡ್ಡಿನ ಮಾಲೀಕರ ಒಪ್ಪಿಗೆ ಇರಲಿ. ಮಕ್ಕಳು ಚಾಲೂ ಮಾಡುವ ಪ್ರಾತ್ಯಕ್ಷಿಕೆ ಯಾವ ಕಾರಣಕ್ಕೂ ಬೇಡ.

5. ಯಂತ್ರದ ಪಾಠ ಹುಡುಗರದೆಂದು ತಿಳಿಯಬೇಡಿರಿ. ನಮ್ಮ ತರಗತಿಯಲ್ಲಿ ಅತ್ಯುತ್ತಮ ಪ್ರಶ್ನೆ, ಅತ್ಯುತ್ತಮ ದಾಖಲೆ ಎರಡೂ ಹುಡುಗಿಯರವು.

6. ವೀಕ್ಷಕರು ಧ್ವನಿ, ಹಲಗೆಯ ಬರಹಗಳಿಗೆ ಅಂಕ ಕೊಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಈ ಪಾಠ ಕೇಳಿದ ಮಗು ನಾಳೆ ಬೆಳಿಗ್ಗೆ ಬೇರೆಯದೇನನ್ನಾದರೂ ಮಾಡುತ್ತದೆಯೇ?

ಬೋಧನಾಭ್ಯಾಸದ ಕೊನೆಯ ದಿನ ಆ ಹುಡುಗನ ಪ್ಲಾಸ್ಟರ್ ಬಿಚ್ಚಿದ್ದರು. ಅವನು ತನ್ನ ಕಾರ್ಡು ತಂದು ಪ್ರಶಿಕ್ಷಣಾರ್ಥಿಗೆ ತೋರಿಸಿದ. ಎಡಗೈಯಲ್ಲಿ ಬರೆದ ಅಕ್ಷರಗಳು ಸೊಟ್ಟಗಿದ್ದವು, ಕಾಲಂಗಳು ಮಾತ್ರ ಒಂದೂ ಖಾಲಿ ಇರಲಿಲ್ಲ. ಕೆಳಗೆ ಅವನ ತಂದೆಯ ಸಹಿ ಇತ್ತು. “ಈಗ ಅಪ್ಪಾನ ಹ್ಯಾಂಡಲ್ ಹೊಡೀತಾನ್ರಿ. ಆದ್ರ ನಾ ಕಾರ್ಡ್ ಬರಿಯೂ ತನಾ ಕಾಯ್ತಾನ್ರಿ” ಎಂದ.